ಹಿರಾನೋ-ಸಾನ್‌ಗೆ ಗೊತ್ತಾಗದಂತೆ ರಾಗಿ ಬಿಯರ್

ಧಾನ್ಯ ಕಂಡರೆ ಚಾಮುಂಡೇಶ್ವರಿಯ ಕೈ ಸುಮ್ಮನಿರುವುದಿಲ್ಲ. ಅವಳು ಜಪಾನಿನ ತ್ಸುಕುಬಾ ಊರಿನ ಮಣ್ಣು ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಾಳೆ. ಮನೆಯ ಬಾಲ್ಕನಿಯಲ್ಲಿ ಮಾತ್ರ ಯಾವಾಗಲೂ ಒದ್ದೆ ಬಟ್ಟೆಯಲ್ಲಿ ಕಟ್ಟಿದ ರಾಗಿ ಮೊಳೆಯುತ್ತಿರುತ್ತದೆ. ಆ ರಾಗಿ ಹುರಿಹಿಟ್ಟಾಗಿ, ಗಂಜಿಯಾಗಿ ಲ್ಯಾಬಿನ ಮೇಜುಗಳಿಗೆ ಬರುತ್ತದೆ. ಎಲ್ಲರೂ ನಕ್ಕು ಒಂದು ಗುಟುಕು ಕುಡಿದರೆ, ಲ್ಯಾಬಿನ ಹಿರಿಯರಾದ ಹಿರಾನೋ-ಸಾನ್ ಮಾತ್ರ ಎರಡನೇ ಲೋಟ ಕೇಳುತ್ತಾರೆ. ಅವರು ಮಾರ್ಚ್‌ನಲ್ಲಿ ನಿವೃತ್ತರಾಗುವವರಿದ್ದರು.

"ಫೇರ್‌ವೆಲ್‌ಗೆ ನಾನೇ ರಾಗಿ ಬಿಯರ್ ಮಾಡ್ತೀನಿ. ಅವರಿಗೆ ಯಾರೂ ಹೇಳಬೇಡಿ!" ಎಂದು ಚಾಮುಂಡಿ ಇಡೀ ಲ್ಯಾಬಿಗೆ ಮಾತು ಕೊಟ್ಟಳು. ಅದುವರೆಗೆ ಅವಳು ಬಿಯರ್ ಮಾಡುವುದನ್ನು ಕಣ್ಣಿಂದಲೂ ನೋಡಿರಲಿಲ್ಲ.

ಜಪಾನಿನಲ್ಲಿ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಪರವಾನಗಿ ಇರುವ ಅಂಗಡಿಗೆ ಹೋಗಿ, ಅಲ್ಲಿನವರ ಜೊತೆ ನಿಂತು ಮಾಡಬೇಕು. ಊರಾಚೆ ಕುರೋದಾ-ಸಾನ್ ಎಂಬವರ ಅಂಥದ್ದೊಂದು ಅಂಗಡಿ ಇತ್ತು. ಬೀಳ್ಕೊಡುಗೆಗೆ ಮುಂಚೆ ಅಲ್ಲಿ ಖಾಲಿ ಇದ್ದದ್ದು ಒಂದೇ ಒಂದು ಶನಿವಾರ. ಅದು ತಪ್ಪಿದರೆ ಬಿಯರ್ ಇಲ್ಲ.

ಆ ಶನಿವಾರ ಅಂಗಡಿಯಲ್ಲಿ, ರಾಗಿಯ ಜೊತೆ ಬಿಯರಿಗೆ ಹಾಕುವ ಮೊಳೆತ ಬಾರ್ಲಿಯ ಮೂಟೆ ಬಿಚ್ಚಿದ ಕೂಡಲೇ ಚಾಮುಂಡಿ ಮುಖವನ್ನೇ ಒಳಗಿಟ್ಟಳು.

"ರೀ, ಅಮ್ಮನ ಅಡುಗೆಮನೆ ವಾಸನೆ ಕಣ್ರೀ!"

"ಮೊದಲು ತಲೆ ಆಚೆ ತೆಗಿ" ಎಂದ ಗಂಡ ಪ್ರಶಾಂತ.

ಕಾಳು ಒಡೆದರೆ ಸಾಕು, ಸಿಪ್ಪೆ ಹಾಗೇ ಉಳಿಯಬೇಕು ಎಂದು ಹೇಳಿ ಕುರೋದಾ-ಸಾನ್ ನೀರು ಕಾಯಿಸಲು ಹೋದರು. ಗಿರಣಿಯಿಂದ ಬಿದ್ದ ತರಿಯನ್ನು ಬೆರಳಲ್ಲಿ ಉಜ್ಜಿ ನೋಡಿದ ಚಾಮುಂಡಿಗೆ ನಾಚಿಕೆಯಾಯಿತು. ಹೀಗೆ ಬೀಸಿದರೆ ಅವಳ ತವರುಮನೆಯಲ್ಲಿ ದನವೂ ಮೂಸುತ್ತಿರಲಿಲ್ಲ. ಅವಳು ಗಿರಣಿಯ ತಿರುಪು ಬಿಗಿ ಮಾಡಿದಳು. ಬಾರ್ಲಿ ನುಣ್ಣಗೆ ಬಂತು. ಅದರ ಮೇಲೆ ಮನೆಯಿಂದ ತಂದ, ವಸ್ತ್ರದಲ್ಲಿ ಜರಡಿ ಹಿಡಿದ ರಾಗಿಹಿಟ್ಟನ್ನೂ ಸುರಿದಳು. ಬಿಸಿನೀರು ಬಿದ್ದದ್ದೇ ತಡ, ಮರದ ಹುಟ್ಟು ಹಿಡಿದ ಅವಳ ಕೈ ತಾನಾಗಿಯೇ ಗಂಟಿಲ್ಲದಂತೆ ತಿರುವತೊಡಗಿತು.

ಮುಂದೆ ಹುದುಗಿ ಬಿಯರಾಗಬೇಕಾದ ಸಿಹಿನೀರು ಬಸಿಯುವ ಹೊತ್ತಿಗೆ ಕುರೋದಾ-ಸಾನ್ ಪಾತ್ರೆಯ ತಳದ ನಲ್ಲಿ ತಿರುಗಿಸಿದರು. ಒಂದು ಹನಿ ಬಿತ್ತು. ಆಮೇಲೆ ಅದೂ ಇಲ್ಲ. ಪ್ರಶಾಂತ ಪಾತ್ರೆಯೊಳಗೆ ಇಣುಕಿದ.

"ಮುದ್ದೆ ರೆಡಿ. ಸೊಪ್ಪಿನ ಸಾರು ಎಲ್ಲಿ?"

"ಸುಮ್ನಿರ್ರೀ! ಸುಮಿಮಾಸೆನ್ ಕುರೋದಾ-ಸಾನ್, ತಪ್ಪಾಯ್ತು, ಸುಮಿಮಾಸೆನ್!"

ಸಿಪ್ಪೆಯೆಲ್ಲ ಹಿಟ್ಟಾಗಿ ನೀರಿಗೆ ದಾರಿಯೇ ಇಲ್ಲ, ಭತ್ತದ ಹೊಟ್ಟು ಬೆರೆಸಿದರೆ ಇಳಿದೀತು, ಆದರೆ ಅಂಗಡಿಯಲ್ಲಿ ಹೊಟ್ಟು ಮುಗಿದಿದೆ ಎಂದರು ಅವರು. ಚಾಮುಂಡಿಗೆ ಗೊತ್ತಿದ್ದಂತೆ ಹತ್ತಿರದಲ್ಲಿ ಮೂಟೆಗಟ್ಟಲೆ ಹೊಟ್ಟು ಇಟ್ಟುಕೊಂಡಿದ್ದವರು ಒಬ್ಬರೇ: ಗದ್ದೆ ಮಾಡುತ್ತಿದ್ದ ಹಿರಾನೋ-ಸಾನ್.

ಪ್ರಶಾಂತ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗಲೇ ಅವಳು ಫೋನ್ ಮಾಡಿದಳು. "ಹಿರಾನೋ-ಸಾನ್, ಸ್ವಲ್ಪ ಹೊಟ್ಟು ಬೇಕಿತ್ತು... ಗಿಡಕ್ಕೆ. ಅರ್ಜೆಂಟ್ ಗಿಡ. ನಾನೇ ಬಂದು ತಗೊಳ್ತೀನಿ."

"ಬೇಡ ಚಾಮು-ಸಾನ್, ಎಲ್ಲಿದ್ದೀರಿ ಹೇಳಿ."

ಸುಳ್ಳು ಹೇಳಿ ಅಭ್ಯಾಸವಿಲ್ಲದ ಚಾಮುಂಡಿ ವಿಳಾಸ ಹೇಳಿಬಿಟ್ಟಳು.

ಅವರ ಪುಟ್ಟ ಬಿಳಿ ಟ್ರಕ್ಕು ಬಂದು ನಿಂತಿತು. ಹಿರಾನೋ-ಸಾನ್ ಅಂಗಡಿಯ ಬೋರ್ಡು ನೋಡಿದರು, ಪಾತ್ರೆ ನೋಡಿದರು, ಮೊಣಕೈವರೆಗೆ ರಾಗಿ ಮೆತ್ತಿಕೊಂಡಿದ್ದ ಚಾಮುಂಡಿಯನ್ನು ನೋಡಿದರು.

"ಗಿಡ ಬಹಳ ಬಾಯಾರಿದೆ" ಎಂದು ಅಂಗಿಯ ತೋಳು ಮಡಚಿದರು.

ನಾಲ್ವರೂ ಸೇರಿ ಹೊಟ್ಟು ತೊಳೆದರು, ಬೆರೆಸಿದರು, ಉಸಿರು ಬಿಗಿಹಿಡಿದು ನಿಂತರು. ನಲ್ಲಿ ಒಮ್ಮೆ ಕೆಮ್ಮಿತು. ಆಮೇಲೆ ಕಂದು ಬಣ್ಣದ ಸಿಹಿನೀರು ಸುರಿಯಿತು ನೋಡಿ! ಚಾಮುಂಡಿ ಹುಟ್ಟು ಎತ್ತಿಕೊಂಡೇ ಕುಣಿದಳು. ಕುರೋದಾ-ಸಾನ್ ಕೂಡ ಚಪ್ಪಾಳೆ ತಟ್ಟಿದರು. ಬಿಸಿಬಿಸಿ ಸಿಹಿನೀರು ರುಚಿ ನೋಡಿದ ಹಿರಾನೋ-ಸಾನ್ ಈ ಬಿಯರ್ ಯಾರಿಗೆಂದು ಕೇಳಲಿಲ್ಲ. ಇನ್ನೊಂದು ಲೋಟ ಕೇಳಿದರು.

ಬೀಳ್ಕೊಡುಗೆಯ ದಿನ ಲ್ಯಾಬಿನವರೆಲ್ಲ "ಸರ್‌ಪ್ರೈಸ್!" ಎಂದು ಕೂಗಿ ಬಾಟಲಿ ಮುಂದಿಟ್ಟರು. ಹಿರಾನೋ-ಸಾನ್ ಎರಡು ಹೆಜ್ಜೆ ಹಿಂದೆ ಸರಿದು, ಎದೆಯ ಮೇಲೆ ಕೈಯಿಟ್ಟು, "ಏನು! ರಾಗಿಯಿಂದ ಬಿಯರಾ!" ಎಂದು ಬೆರಗಾದರು. ನಾಟಕ ಎಷ್ಟು ಚೆನ್ನಾಗಿತ್ತೆಂದರೆ ಚಾಮುಂಡಿಯೇ ಒಂದು ಕ್ಷಣ ನಂಬಿದಳು.

ಗ್ಲಾಸು ಎತ್ತುವಾಗ ಅವರು ಅವಳ ಕಡೆ ಬಾಗಿ ಮೆಲ್ಲಗೆ ಕೇಳಿದರು: "ಗಿಡ ಹೇಗಿದೆ?"