ಆರಿಸಿ ಉಳಿದ ಶೇಂಗಾ

1976ರಲ್ಲಿ ನಾನು ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ಫಿಸಿಶಿಯನ್ ಆಗಿದ್ದೆ. ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ ಬಂದವರ ಮನೆಯವರಿಗೆ ಹೇಳಬೇಕಾದ್ದನ್ನು ಹೇಳಿ ಹೇಳಿ ಆ ಹೊತ್ತಿಗಾಗಲೇ ಬಾಯಿ ಸೋತಿತ್ತು. ದುಧನಿಯ ಶೇಂಗಾ ವ್ಯಾಪಾರಿ ಮಲ್ಲಪ್ಪನೂ ಹಾಗೆಯೇ ಬಂದ. ಲಿವರ್ ಕ್ಯಾನ್ಸರ್. ನಲವತ್ತೂ ದಾಟದ ಮನುಷ್ಯ; ಕುಡಿತವಿಲ್ಲ, ಬೀಡಿಯಿಲ್ಲ.

ಅವನ ತಾಯಿ ಗಂಗವ್ವ ನನ್ನನ್ನು ಹೊರಗೆ ಕರೆದು ಕೇಳಿದಳು. "ಇವರಪ್ಪಾನೂ ಹಿಂಗ ಹಳದಿ ಆಗಿ ಹೋದ್ರಿ ಸಾಹೇಬ್ರ. ರಕ್ತದಾಗ ಬಂದೈತೇನ್ರಿ? ಮನ್ಯಾಗ ಮೊಮ್ಮಕ್ಕಳು ಇಬ್ಬರದಾರ."

ಏನು ಉಣ್ಣುತ್ತೀರಿ ಎಂದು ಕೇಳಿದೆ. ರೊಟ್ಟಿ, ಪಲ್ಯ, ಎರಡೂ ಹೊತ್ತು ಶೇಂಗಾ ಚಟ್ನಿ. ಚಟ್ನಿಗೆ ಯಾವ ಶೇಂಗಾ? ಆ ಪ್ರಶ್ನೆಯೇ ಆಕೆಗೆ ವಿಚಿತ್ರವೆನಿಸಿತು.

"ಛಲೋ ಮಾಲು ಗಿರಾಕಿಗಿ. ಆರಿಸಿ ಉಳಿದ ಕಪ್ಪಂದು, ಮುರುಟಿದ್ದು ಮನಿಗಿ. ಮಾವನ ಕಾಲದಿಂದ ಹಂಗ ನಡದೈತ್ರಿ."

ಆ ಕಪ್ಪಿನಲ್ಲಿ ಬೂಷ್ಟು ಇರುತ್ತದೆ. ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ವರ್ಷಾನುಗಟ್ಟಲೆ ಹೊಟ್ಟೆಗೆ ಹೋದರೆ ಲಿವರ್‌ಗೆ ಅಪಾಯ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಮಲ್ಲಪ್ಪನಿಗೆ ಇದರಿಂದಲೇ ಬಂತೆಂದು ಆಣೆ ಮಾಡಿ ಹೇಳಲಾರೆ, ಹಳೆಯ ಕಾಮಾಲೆಯ ಸೋಂಕೂ ಕಾರಣವಿರಬಹುದು ಎಂದೆ. ಗಂಗವ್ವ ಎರಡನೆಯ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಅಂದ್ರ ನಾನೇ ಉಣಿಸೀನಿ."

"ತಿಳೀದ ಉಣಿಸೀರಿ ಅವ್ವ. ಇನ್ನ ಆ ಮಕ್ಕಳಿಗಿ ಬ್ಯಾಡ." ಅದಕ್ಕಿಂತ ಒಳ್ಳೆಯ ಮಾತು ನನಗೆ ಈಗಲೂ ಹೊಳೆದಿಲ್ಲ.

ದೀಪಾವಳಿಗೆ ಮೊದಲೇ ಮಲ್ಲಪ್ಪ ತೀರಿಕೊಂಡ. ಮರುವರ್ಷ ಅಕ್ಕಲಕೋಟದಲ್ಲಿ ಒಂದು ಆರೋಗ್ಯ ಶಿಬಿರ ಮುಗಿಸಿ, ದಣಿದಿದ್ದರೂ ದುಧನಿಯ ಅವರ ಮನೆಗೆ ಹೋದೆ. ಊಟಕ್ಕೆ ಕೂರಿಸಿದರು. ಮೊಮ್ಮಕ್ಕಳ ತಾಟಿನಲ್ಲಿ ಕೆಂಪನೆಯ ಚಟ್ನಿ. ಸೊಸೆ ಶೇಂಗಾ ಡಬ್ಬಿಯನ್ನೇ ತಂದು ತೋರಿಸಿದಳು. ಎಲ್ಲವೂ ಗಿರಾಕಿಗೆ ಕೊಡುವಂಥ ಕಾಳು. ಹೇಳಿದ ಮಾತು ಒಂದು ಮನೆಯಲ್ಲಾದರೂ ನಡೆಯಿತಲ್ಲ ಎಂದು ಖುಷಿಪಟ್ಟೆ.

ಕೈ ತೊಳೆಯಲು ಹಿತ್ತಲಿಗೆ ಹೋಗುವಾಗ ಒಲೆಯ ಬದಿಗೆ ಗಂಗವ್ವ ಒಬ್ಬಳೇ ಉಣ್ಣುತ್ತಿದ್ದಳು. ಅವಳ ರೊಟ್ಟಿಯ ಮೇಲೆ ಅದೇ ಆರಿಸಿ ಉಳಿದ ಕಾಳಿನ ಕಪ್ಪು ಚಟ್ನಿ.

"ಇದೇನವ್ವ?"

"ಚೆಲ್ಲಾಕ ಮನಸಾಗಂಗಿಲ್ರಿ," ಎಂದಳು. "ಮಗಗ ಉಣಿಸಿದ್ದು ನನಗ್ಯಾಕ ಬ್ಯಾಡ?"

ಸೊಸೆ ಬಂದು ನೋಡಿದಳು. ಅತ್ತೆಯ ಚಟ್ನಿ ತೆಗೆದು ಒಲೆಗೆ ಹಾಕಿ, ಮಕ್ಕಳಿಗೆ ಮಾಡಿದ ಕೆಂಪು ಚಟ್ನಿಯನ್ನು ಬಡಿಸಿದಳು. ಗಂಗವ್ವ ರೊಟ್ಟಿ ಮುರಿಯದೆ ಕೂತೇ ಇದ್ದಳು.

ಆಮೇಲೆ ನಾನು ಯಾವ ಮನೆಗೆ ಪಥ್ಯ ಹೇಳಿದರೂ, ಅಡುಗೆ ಮಾಡುವಾಕೆ ಏನು ಉಣ್ಣುತ್ತಾಳೆಂದು ಕೇಳದೆ ಎದ್ದಿಲ್ಲ. ಮನೆಯವರಿಗೆ ಗೊತ್ತಿರುತ್ತಿರಲಿಲ್ಲ.