ಪದ್ಮಕ್ಕ ಒತ್ತಿದ ಹಂಕೋ

ಯಾರ ಮನೆಯ ಫಾರಂ ಆದರೂ ಪದ್ಮಕ್ಕನೇ ತುಂಬಬೇಕು. ಜಪಾನಿನ ವಾಕೋ ಊರಿನ ನಮ್ಮ ಕಟ್ಟಡದ ನಾಲ್ಕು ಕನ್ನಡ ಮನೆಗಳಿಗೂ ಅದು ಅಭ್ಯಾಸವಾಗಿಬಿಟ್ಟಿತ್ತು. ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಜಪಾನಿ ಅಕ್ಷರಗಳನ್ನು ಅಕ್ಕಿ ಆರಿಸುವ ಹಾಗೆ ಆರಿಸಿ ಓದುತ್ತಿದ್ದರು. "ಯಾವ ಕಾಲಮ್ಮೂ ಖಾಲಿ ಬಿಡಬಾರ್ದು ಕಣೇ, ವಾಪಸ್ ಕಳಿಸ್ತಾರೆ" ಎನ್ನುವರು. ತಮ್ಮದೇ ಫಾರಮ್ಮಿನಲ್ಲಿ ಮಾತ್ರ ಉದ್ಯೋಗದ ಕಾಲಮ್ಮನ್ನು ಕೊನೆಗಿಟ್ಟುಕೊಂಡು, 'ಇಲ್ಲ' ಎಂದು ಬರೆದು ಪೆನ್ನು ಮುಚ್ಚುತ್ತಿದ್ದರು. ಮೈಸೂರಿನಲ್ಲಿ ಪಿಯುಸಿಗೆ ಕೆಮಿಸ್ಟ್ರಿ ಹೇಳಿಕೊಟ್ಟವರು. ಗಂಡನ ವೀಸಾಕ್ಕೆ ಜೋತುಬಿದ್ದು ಬಂದು ಹನ್ನೊಂದು ವರ್ಷವಾಗಿತ್ತು.

ಪದ್ಮಕ್ಕನಿಗೆ ಹಿರುತ್ ಸಿಕ್ಕಿದ್ದು ಸ್ಟೇಷನ್ ಪಕ್ಕದ ಕೊಂಬಿನಿ ಅಂಗಡಿಯಲ್ಲಿ. ಜಪಾನಿ ಕಲಿಯಲು ಬಂದ ಇಥಿಯೋಪಿಯಾದ ಹುಡುಗಿ, ಸಂಜೆ ಅಲ್ಲಿ ಬಿಲ್ ಹಾಕುತ್ತಿದ್ದಳು. ಪದ್ಮಕ್ಕ ಒಂದು ವರ್ಷ ಅವಳನ್ನು ತಮ್ಮ ಊಟದ ಮೇಜಿನ ಮುಂದೆ ಕೂರಿಸಿಕೊಂಡು ಕೆಮಿಸ್ಟ್ರಿ ಅರೆದು ಕುಡಿಸಿದರು. ಕ್ಯೋಟೋದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಆದರೆ ಇಲ್ಲಿ ಸಂಪಾದನೆಯಿರುವ ಒಬ್ಬರು ಜಾಮೀನು ನಿಂತು, ಕಾಗದಕ್ಕೆ ಹಂಕೋ, ಅಂದರೆ ಹೆಸರು ಕೊರೆದ ಬೆರಳುದ್ದದ ಮುದ್ರೆ, ಒತ್ತಬೇಕಿತ್ತು. ಶುಕ್ರವಾರದೊಳಗೆ ಅದು ತಲುಪದಿದ್ದರೆ ಸೀಟೂ ಇಲ್ಲ, ವೀಸಾವೂ ಇಲ್ಲ. ಹಿರುತ್ ಊರಿಗೆ ಮರಳಬೇಕು.

"ನಾನು ನಿಲ್ತೀನಿ ಅಂದ್ರೆ ನಡೆಯಲ್ವಂತೆ. ಉದ್ಯೋಗ ಇಲ್ಲ ಅಂತ ನಾನೇ ಬರ್ಕೊಟ್ಟಿದೀನಲ್ಲ" ಎಂದರು ಪದ್ಮಕ್ಕ. ಅವರ ಯಜಮಾನರು ರಾಯರು, "ಊರ ಉಸಾಬರಿ ನಮಗ್ಯಾಕೆ" ಎಂದು ಮುಗಿಸಿಬಿಟ್ಟಿದ್ದರು.

ಗುರುವಾರ ಬೆಳಿಗ್ಗೆ, ನನ್ನೆದುರೇ, ಪದ್ಮಕ್ಕ ಡ್ರಾಯರು ಎಳೆದು ಗಂಡನ ಹಂಕೋ ತೆಗೆದು ಒತ್ತಿದರು. ನಮ್ಮ ಮನೆಯ ಡ್ರಾಯರಿನಲ್ಲೂ ಒಂದು ಹಂಕೋ ಇತ್ತು. ನಮ್ಮವರನ್ನು ಕೇಳಿನೋಡಬಹುದಿತ್ತೆಂದು ನನಗೆ ಹೊಳೆದಿತ್ತು, ಬಾಯಿ ಬಿಡಲಿಲ್ಲ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ವಾರದ ಮೇಲೆ ವಿಶ್ವವಿದ್ಯಾಲಯದಿಂದ ರಾಯರಿಗೆ ಫೋನು ಬಂತು, ಜಾಮೀನು ತಾವೇ ತಾನೇ ಎಂದು. ಇಲ್ಲವೆಂದರೆ ಹೆಂಡತಿಯ ಮಾನದ ಜೊತೆ ತಮ್ಮದೂ ಹೋಗುತ್ತದೆ. ಫೋನಿಗೇ ತಲೆಬಾಗಿ "ಹೈ, ಹೈ", ಹೌದು ಹೌದು, ಎಂದು ಜಪಾನಿಯಲ್ಲಿ ಒಪ್ಪಿಕೊಂಡರಂತೆ. ಆಮೇಲೆ ಹಂಕೋ ತೆಗೆದು ಜೇಬಿಗಿಟ್ಟುಕೊಂಡರಂತೆ. ಹಿರುತ್ ಕ್ಯೋಟೋಗೆ ಹೋದಳು. ಪದ್ಮಕ್ಕ ಮಗಳ ಶಾಲೆಯ ಪಿಕ್ನಿಕ್ ಚೀಟಿಗೆ ಮುದ್ರೆ ಒತ್ತಲೂ ಗಂಡ ಬರುವ ತನಕ ಕಾಯತೊಡಗಿದರು.

ಮರುವರ್ಷ ರಾಯರಿಗೆ ಜರ್ಮನಿಯಲ್ಲಿ ಕೆಲಸವಾಯಿತು. ಪದ್ಮಕ್ಕನೂ ಹೊರಟರು, ಮತ್ತೆ ಗಂಡನ ವೀಸಾದ ಮೇಲೆ. ಹೊರಡುವ ಹಿಂದಿನ ದಿನ ನಾನು ಪಾತ್ರೆ ಕಟ್ಟಿಕೊಡಲು ಹೋಗಿದ್ದೆ. ಅಷ್ಟರಲ್ಲಿ ಕ್ಯೋಟೋದಿಂದ ಒಂದು ಪಾರ್ಸೆಲ್ ಬಂತು. ಹಿರುತ್ ತನ್ನೂರಿನ ಕಾಫಿಬೀಜ ಕಳಿಸಿದ್ದಳು. ತಂದ ಹುಡುಗ ಅಭ್ಯಾಸದಂತೆ ಹಂಕೋ ಕೇಳಿದ. ಪದ್ಮಕ್ಕನ ಕೈ ಡ್ರಾಯರಿನ ತನಕ ಹೋಗಿ ನಿಂತಿತು.

"ಸುಮಿಮಾಸೆನ್", ಕ್ಷಮಿಸಿ, ಎಂದು ಅವನ ಪೆನ್ನು ಇಸಿದುಕೊಂಡು, ಕನ್ನಡದಲ್ಲಿ ಪೂರ್ತಿ ಹೆಸರು ಬರೆದರು. ಅವನು ತಲೆಬಾಗಿ ಡಬ್ಬ ಕೊಟ್ಟು ಹೋದ.

ಪದ್ಮಕ್ಕ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. "ನೋಡಿದ್ಯೇನೇ," ಎಂದರು, "ಇದೊಂದಕ್ಕೆ ನನ್ನ ರುಜು ನಡೆಯತ್ತೆ."