ಮಾವನ ಹೆಸರಿಲ್ಲದ ಪಟ್ಟಿ

ಟೈಪಿಸ್ಟ್ ಅಕ್ಕನ ಕನ್ನಡಕಕ್ಕೆ ಎರಡು ಜಾಗ. ಟೈಪ್ ಮಾಡುವಾಗ ಮೂಗಿನ ಮೇಲೆ, ಎದುರಿನವರ ಮಾತು ಕೇಳುವಾಗ ಹಣೆಯ ಮೇಲೆ. ಅದು ಹಣೆಯಲ್ಲಿರುವಷ್ಟು ಹೊತ್ತು ಒಂದಕ್ಷರವೂ ಕಾಗದಕ್ಕೆ ಇಳಿಯುತ್ತಿರಲಿಲ್ಲ.

ಅವರು ಕಾಸರಗೋಡಿನವರು. ಕೋರ್ಟಿನ ಅರ್ಜಿ ಟೈಪ್ ಮಾಡಿಕೊಡುವ ಅವರ ಅಂಗಡಿ ಪಾಲಾರಿವಟ್ಟಂನಲ್ಲಿ ನಮ್ಮ ಬಾಡಿಗೆ ಮನೆಯ ಕೆಳಗೇ ಇತ್ತು. ಎಲ್ಲರೂ ‘ಚೇಚಿ’ ಎನ್ನುತ್ತಿದ್ದರು, ನಮಗೆ ಅಕ್ಕ. ಸಹಿ ಹಾಕುವವರು ಅರ್ಜಿಯಲ್ಲಿರುವುದನ್ನು ತಮ್ಮ ಮಾತಿನಲ್ಲಿ ಹೇಳದೆ ಅವರು ಪ್ರಿಂಟ್ ಕೊಡುತ್ತಿರಲಿಲ್ಲ. ಕೋರ್ಟೇ ವಾಸಿ, ಚೇಚಿಯ ಪರೀಕ್ಷೆ ಬೇಡ ಎಂದು ವಕೀಲರು ನಗುತ್ತಿದ್ದರು.

ಅಂಬಲಮುಗಳ್‌ನಲ್ಲಿ ಅಪ್ಪ ನಡೆಸುತ್ತಿದ್ದ ಮೆಸ್ ಮುಚ್ಚಿತು. ಸಾಲ ತೀರಿಸುವ ದಾರಿ ಕಾಣದೆ ದಿವಾಳಿ ಅರ್ಜಿ ಹಾಕುವುದೆಂದಾಯಿತು. ನಾನು ಫೋನಿನಲ್ಲಿ ಓದಿ ಓದಿ ಅರ್ಧ ವಕೀಲಳಾಗಿಬಿಟ್ಟಿದ್ದೆ. ವಕೀಲರು ಕೊಟ್ಟ ಕರಡು ಹಿಡಿದು ಅಪ್ಪನೊಂದಿಗೆ ಕೆಳಗಿಳಿದೆ.

“ರಿಸೀವರ್ ಅಂದರೆ ಎಂತ?” ಅಕ್ಕ ಕೇಳಿದರು.

ನಾನು ಇಂಗ್ಲಿಷಿನಲ್ಲಿ ಗಡಗಡ ಒಪ್ಪಿಸಿದೆ.

“ನಿನ್ನ ಫೋನ್ ಹೇಳಿದ್ದು ಬೇಡ ಮಾರಾಯ್ತಿ. ನೀನು ಹೇಳು.”

ನಾನು ತಡವರಿಸಿದೆ. ಅವರೇ ಹೇಳಿಕೊಟ್ಟರು. ನಮ್ಮ ಆಸ್ತಿಯನ್ನು ವಶಕ್ಕೆ ಪಡೆದು, ಮಾರಿ, ಸಾಲ ಕೊಟ್ಟವರಿಗೆ ಹಂಚಲು ಕೋರ್ಟು ನೇಮಿಸುವವನು ರಿಸೀವರ್. ಆಮೇಲೂ ಉಳಿದ ಸಾಲದಿಂದ ಕೋರ್ಟು ಕೊಡುವ ಬಿಡುಗಡೆ ಡಿಸ್ಚಾರ್ಜ್. “ಅದು ಸುಮ್ಮನೆ ಸಿಗುವುದಲ್ಲ. ಎಂತದಾದರೂ ಮುಚ್ಚಿಟ್ಟದ್ದು ಗೊತ್ತಾದರೆ ಕೊಡದೆಯೂ ಇರಬಹುದು” ಎಂದು ಅಪ್ಪನ ಕಡೆ ತಿರುಗಿದರು. “ಸಾಲ ಕೊಟ್ಟವರು ಯಾರೆಲ್ಲ? ನೀವು ಹೇಳಿ ನೋಡುವ.”

ಅಪ್ಪ ಬ್ಯಾಂಕು, ತರಕಾರಿಯವ, ಗ್ಯಾಸಿನವ ಎಂದು ಹೇಳಿ ನಿಲ್ಲಿಸಿದರು.

“ಅಷ್ಟೆಯಾ?”

“ಭಾವಮೈದ ಸ್ವಲ್ಪ ಕೊಟ್ಟಿದ್ದಾನೆ. ಅದು ಮನೆಯೊಳಗಿನದ್ದು. ಹೆಂಡತಿಯ ತಮ್ಮನನ್ನು ಕೋರ್ಟಿಗೆ ಎಳೆಯುವುದಾ? ಅವನದ್ದನ್ನು ಹೇಗಾದರೂ ಮೊದಲು ತೀರಿಸ್ತೇನೆ.”

“ಅದೇ ಮಾಡಬಾರದ್ದು ಮಾರಾಯರೇ. ಒತ್ತೆ ಇಲ್ಲದೆ ಕೊಟ್ಟವರೆಲ್ಲ ಒಂದೇ ಸಾಲು. ಒಬ್ಬನಿಗೆ ಗುಟ್ಟಿನಲ್ಲಿ ಕೊಟ್ಟರೆ ಉಳಿದವರಿಗೆ ಮೋಸ. ಆ ತರಕಾರಿಯವನೂ ಯಾರದ್ದೋ ಭಾವಮೈದನೇ ಅಲ್ವಾ?”

ಅಪ್ಪ ತಲೆ ತಗ್ಗಿಸಿದರು. “ನೋಟೀಸು ಹೋದರೆ ಅವನ ಮುಖ ಹೇಗೆ ನೋಡುವುದು ಅಕ್ಕಾ? ಸಂಬಂಧವೇ ಹೋಗ್ತದೆ.”

“ನೋಟೀಸಿಗಿಂತ ಮೊದಲು ನೀವೇ ಹೇಳಿ. ಈಗಲೇ.”

ಅಪ್ಪ ಅಲ್ಲೇ ನಿಂತು ತಿರುವನಂತಪುರದಲ್ಲಿದ್ದ ಮಾವನಿಗೆ ಫೋನ್ ಮಾಡಿದರು. ಮಾವ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ, “ಹಾಕಿ ಭಾವ. ಬ್ಯಾಂಕಿನ ಪಕ್ಕದಲ್ಲಿ ನನ್ನ ಹೆಸರು ಬರುವುದು ಇದೇ ಮೊದಲು” ಎಂದ. ಅಪ್ಪ ನಗಲು ಹೋಗಿ ಅತ್ತರು. ಅಕ್ಕ ಕನ್ನಡಕ ಮೂಗಿಗೆ ಇಳಿಸಿ ಟೈಪ್ ಮಾಡತೊಡಗಿದರು.

ಕೋರ್ಟಿನಲ್ಲಿ ಬ್ಯಾಂಕಿನ ವಕೀಲರು ಸಂಬಂಧಿಕರ ಸಾಲದ ಬಗ್ಗೆಯೇ ಕೆದಕಿ ಕೇಳಿದರು. ಓದಲು ಬಾರದ ಮಲಯಾಳಂನಲ್ಲಿ, ಬಾಯಿಮಾತಿನಲ್ಲೇ, ಅಪ್ಪ ಮಾವನ ಹೆಸರನ್ನೂ ಮೊತ್ತವನ್ನೂ ತಲೆಯೆತ್ತಿ ಹೇಳಿದರು. ಮೆಸ್ ಚೆನ್ನಾಗಿ ನಡೆಯುತ್ತಿದ್ದ ದಿನಗಳಲ್ಲೂ ನನಗೆ ಅವರ ಮೇಲೆ ಅಷ್ಟು ಹೆಮ್ಮೆ ಆಗಿರಲಿಲ್ಲ. ಎರಡು ವರ್ಷ ಕಳೆದು ಡಿಸ್ಚಾರ್ಜ್ ಆದೇಶ ಬಂತು. ಮಾವನಿಗೆ ಬಂದದ್ದು ಕೊಟ್ಟದ್ದರಲ್ಲಿ ಒಂದು ಚೂರು, ತರಕಾರಿಯವನಿಗೆ ಬಂದ ಲೆಕ್ಕದಲ್ಲೇ.

ಹೋದ ವರ್ಷ ಅಕ್ಕ ತೀರಿಕೊಂಡರು. ಸುದ್ದಿ ಕೇಳಿ ಮಾವ ಸಿಕ್ಕಿದ ರೈಲು ಹಿಡಿದು ಬಂದ. ಮನೆಯಿಂದ ಗಾಡಿಯವರೆಗೆ ಅಕ್ಕನನ್ನು ಹೊತ್ತು ತಂದಾಗ ಅಪ್ಪ ಮುಂದೆ, ಮಾವ ಅವರ ಹಿಂದೆಯೇ ಹೆಗಲು ಕೊಟ್ಟಿದ್ದರು.